ಚಿಂಗಿಗೊಂದು ಬೇರೆ ಕೋಣೆ

ಬಸವಕಲ್ಯಾಣದ ಗಯಾಬಾಯಿಯ ಮನೆಯಲ್ಲಿ ಐದು ಬೆಕ್ಕುಗಳು. ಎಲ್ಲವೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದವು, ಅವಳ ಹಾಸಿಗೆಯಲ್ಲೇ ಮಲಗುತ್ತಿದ್ದವು. ಸೊಸೆ ವರ್ಷಾಗೆ ಅವುಗಳ ಮೇಲೆ ಅಂಥ ಮಮತೆಯೇನಿರಲಿಲ್ಲ. ತಾನು ಹೊಲಿಯುವ ಬ್ಲೌಸುಗಳಿಗೆ ಕೂದಲು ಅಂಟುತ್ತದೆಂದು ಗೊಣಗುತ್ತಿದ್ದಳು. ಆದರೆ ಎಲ್ಲಕ್ಕಿಂತ ಸಣ್ಣ ಮರಿ ಚಿಂಗಿ ಹಳದಿ ನೊರೆ ಕಾರಿಕೊಂಡು, ನೀರಿನ ಬಟ್ಟಲ ಮುಂದೆ ಕೂತೂ ನೀರು ಮುಟ್ಟದಿದ್ದಾಗ, ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಹುಮನಾಬಾದಿನ ಬಸ್ಸು ಹತ್ತಿದವಳು ಅವಳೇ.

ಅಲ್ಲಿಯ ದನದ ಡಾಕ್ಟರು ಮರಿಗೆ ಸಲೈನು ಕೊಟ್ಟು, "ಇದು ಬೆಕ್ಕಿಂದ ಬೆಕ್ಕಿಗಿ ಹತ್ತೋ ಜಡ್ಡು. ಮನಷ್ಯಾರಿಗಿ ಬರಲ್ಲ, ಆದ್ರ ನಿಮ್ಮ ಕೈ, ಸೀರಿ, ತಾಟಿನಿಂದ ಉಳಿದವುಕ್ಕ ಹೋಗ್ತದ. ಬ್ಯಾರೆ ಇಡ್ರಿ," ಎಂದರು.

ಮನೆಗೆ ಬಂದವಳೇ ವರ್ಷಾ ಹೊಲಿಗೆ ಯಂತ್ರವನ್ನು ಪಡಸಾಲೆಗೆ ತಳ್ಳಿ, ತನ್ನ ಕೋಣೆಯನ್ನು ಚಿಂಗಿಗೆ ಬಿಟ್ಟುಕೊಟ್ಟಳು. ಒಳಗೆ ಹೋಗುವಾಗ ತೊಡಲು ಒಂದು ಹಳೇ ನೈಟಿ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರು. ನೆಲ, ತಾಟು, ಬುಟ್ಟಿ ಎಲ್ಲವನ್ನೂ ಅದರಲ್ಲೇ ತೊಳೆದಳು.

ಗಯಾಬಾಯಿಗೆ ಇದು ಸರಿಬರಲಿಲ್ಲ. ತಾಯಿಬೆಕ್ಕು ಗೌರಿ ಬಾಗಿಲು ಕೆರೆಯುತ್ತ ಕೂಗುವುದನ್ನು ಕೇಳಲಾರದೆ, ಸೊಸೆ ಬಚ್ಚಲಿಗೆ ಹೋದಾಗ ಒಳಹೊಕ್ಕು ಮರಿಯನ್ನು ಮಡಿಲಿಗೆ ಹಾಕಿಕೊಂಡಳು. ಅದೇ ಕೈಯಲ್ಲಿ ಬಂದು ಉಳಿದವಕ್ಕೆ ಹಾಲು ಹಾಕತೊಡಗಿದಳು.

"ಅತ್ತಿ, ಕೈ ತಗೀರಿ!" ಎಂದು ವರ್ಷಾ ಕೂಗಿದಳು. "ಒಂದರ ಮ್ಯಾಲ ಮಾಯಾ ಮಮತಿ ಮಾಡಾಕ ಹೋಗಿ ಐದೂ ಕಳಕೋತೀರೇನ್ರಿ?"

ಮದುವೆಯಾಗಿ ಬಂದ ಮೇಲೆ ಅತ್ತೆಗೆ ದನಿಯೇರಿಸಿದ್ದು ಅದೇ ಮೊದಲು. ಗಯಾಬಾಯಿ ಮುಖ ತಿರುಗಿಸಿಕೊಂಡು ಹೋದಳು. ವರ್ಷಾಗೆ ಆಡಿದ್ದು ತಪ್ಪೆನಿಸಲಿಲ್ಲ. ಹಾಲು ಚೆಲ್ಲಿ ತಾಟು ತೊಳೆದಳು.

ಚಿಂಗಿ ಉಳಿಯಲಿಲ್ಲ. ಅದನ್ನು ಹಿತ್ತಲಲ್ಲಿ ಆಳವಾಗಿ ಹುಗಿದ ಬೆನ್ನಲ್ಲೇ ಗೌರಿಯೂ ಉಣ್ಣುವುದು ಬಿಟ್ಟು ಮುದುಡಿ ಕೂತಿತು. ವರ್ಷಾ ಅದನ್ನೂ ಆ ಕೋಣೆಗೆ ಸೇರಿಸಿದಳು. ಆಗ ಗಯಾಬಾಯಿ ತಾನಾಗಿ ಬಂದು ಕೋಣೆಯ ಹೊಸ್ತಿಲ ಹೊರಗೆ ನಿಂತಳು.

"ನಾ ಏನ್ ಮಾಡ್ಲಿ, ಹೇಳವ್ವ."

"ಗೌರೀನ್ನ ನಾ ನೋಡ್ಕೋತೀನ್ರಿ. ಉಳಿದ ಮೂರನ್ನ ನೋಡ್ಕೊಳ್ಳೋದು ನಿಮ್ಮ ಜಿಮ್ಮಾ. ಈ ಕಡಿ ಮಾತ್ರ ಬರಬ್ಯಾಡ್ರಿ."

ಗಯಾಬಾಯಿ ಮಾತು ಮೀರಲಿಲ್ಲ. ವರ್ಷಾ ದಿನವೂ ಗೌರಿಯನ್ನು ಹುಮನಾಬಾದಿಗೆ ಒಯ್ದು ಸಲೈನು ಹಾಕಿಸಿ ತಂದಳು. ಒಂದು ಮುಂಜಾನೆ ಕೋಣೆಯ ಬಾಗಿಲು ತೆರೆದರೆ ಗೌರಿ ತಾನಾಗಿಯೇ ಬಟ್ಟಲಿಗೆ ಬಾಯಿ ಹಾಕಿತ್ತು.

"ಅತ್ತಿ, ಉಣ್ಣಾಕತ್ತದ ನೋಡ್ರಿ!"

ಗಯಾಬಾಯಿ ದೂರದಿಂದಲೇ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿದ ಮೂರಕ್ಕೆ ಜಡ್ಡು ತಗಲಲೇ ಇಲ್ಲ. ಡಾಕ್ಟರು ಹೇಳಿದ ಹೊತ್ತಿಗೆ ಅವಕ್ಕೆ ಲಸಿಕೆಯೂ ಆಯಿತು.

ಕೆಲವು ದಿನಗಳ ಮೇಲೆ ಪಕ್ಕದ ಮನೆಯ ಮೀನಾ ಒಂದು ಹೊಸ ಮರಿ ತಂದು, "ಇಟ್ಕೋರಿ ಕಾಕು," ಎಂದಳು.

ಗಯಾಬಾಯಿ ಎರಡೂ ಕೈ ಹಿಂದಕ್ಕೆಳೆದುಕೊಂಡಳು. "ಈಗ ಬ್ಯಾಡ. ಈ ಜಡ್ಡು ಮನ್ಯಾಗ ಭಾಳ ದಿನ ಕುಂತಿರ್ತದ. ಮೊದಲ ಈ ಮರಿಗಿ ಸೂಜಿ ಹಾಕಿಸು. ಆಮ್ಯಾಲ ಬಂದು ನಮ್ಮ ವರ್ಷಾನ್ನ ಕೇಳು."