ಮೂರನೆಯ ಸಾಲು

ತಾನು ಸೇರಿಸಿದ ಸಾಲಿನ ಮೇಲೆ ಇವತ್ತೂ ಕೆಂಪು ಗೀಟು ಬಿದ್ದಿರುವುದನ್ನು ನೋಡಿ, ನಿಘಂಟು ಕಚೇರಿಯಲ್ಲಿ ಟೈಪ್ ಮಾಡುವ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅದು ವೈದ್ಯಕೀಯ ನಿಘಂಟಿನ ಕರಡು. ಸಂಪಾದಕ ಮೇಷ್ಟ್ರ ಪ್ರಕಾರ ಎಂಥ ಕಾಯಿಲೆಯೇ ಆಗಲಿ, ಅದಕ್ಕೆ ಎರಡೇ ಸಾಲು: ಪದದ ಮೂಲ ಒಂದು, ಅರ್ಥ ಒಂದು. ಮೂರನೆಯದು ಕಂಡರೆ ಅವರ ಕೈ ತುರಿಸುತ್ತದೆ.

"ಸ್ಪೈನಾ ಬೈಫಿಡಾ. ಲ್ಯಾಟಿನ್. ಎರಡಾಗಿ ಸೀಳಿದ ಬೆನ್ನೆಲುಬು," ಎಂದು ಮೇಷ್ಟ್ರು ಓದಿದರು. "ಮುಗೀತಲ್ಲಮ್ಮ. ಆಮೇಲೆ ಇದೇನು ನಿನ್ನ ಬಾಲಂಗೋಚಿ?"

"ಸೀಳಿದ ಅಂದ್ರೆ ಯಾರೋ ಸೀಳಿರಬೇಕಲ್ಲ ಸಾರ್? ಇದು ಸೀಳಿದ್ದಲ್ಲ, ಕೂಡಿಕೊಳ್ಳದೆ ಉಳಿದದ್ದು. ಡಾಕ್ಟರೇ ಹೇಳಿದ್ದಾರೆ."

"ಮುನ್ನೂರು ಚಿಲ್ಲರೆ ವರ್ಷದ ಹಿಂದೆ ಯಾರೋ ವೈದ್ಯ ಕಣ್ಣಿಗೆ ಕಂಡ ಹಾಗೆ ಹೆಸರಿಟ್ಟ. ಈಗ ಅವನ ಜತೆ ನಾನು ಜಗಳಕ್ಕೆ ಹೋಗ್ಲಾ? ಇದು ನಿಘಂಟಮ್ಮ, ಕೋರ್ಟಲ್ಲ."

"ನಮ್ಮನೇಲಿ ಕೋರ್ಟೇ ನಡೀತಿದೆ ಸಾರ್. ಒಂಬತ್ತು ವರ್ಷದಿಂದ."

ಅಂದುಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು. ಹುಟ್ಟಿದಾಗ ಮಗಳ ಬೆನ್ನಿನ ಮೇಲೆ ನೀರುಗುಳ್ಳೆಯಂಥದೊಂದು ಗಂಟಿತ್ತು. ಈಗ ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುತ್ತಾಳೆ. ಲೆಕ್ಕದಲ್ಲಿ ಮುಂದು, ಬಾಯಲ್ಲಿ ಇನ್ನೂ ಮುಂದು. ತಪ್ಪು ಮಾತ್ರ ತಾಯಿಯದು. ಐದನೇ ತಿಂಗಳಲ್ಲಿ ಸ್ಟೂಲು ಹತ್ತಿ ಪರದೆ ಬಿಚ್ಚಿದಳಂತೆ, ಮಗುವಿನ ಬೆನ್ನು ಸೀಳಿತಂತೆ. ಮನೆಗೆ ಬಂದವರಿಗೆಲ್ಲ ಅತ್ತೆ ಕಾಫಿಗಿಂತ ಮೊದಲು ಇದನ್ನೇ ಕೊಡುತ್ತಾರೆ. "ಬಿಡೇ, ಅಮ್ಮನ ಬಾಯೇ ಹಾಗೆ" ಅನ್ನುವ ಗಂಡನನ್ನು ಕಂಡರೆ ಅವಳಿಗೆ ಇನ್ನಷ್ಟು ಸಿಟ್ಟು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಏನೋ ಗೊಣಗಿದರು. ಕೊನೆಗೆ ಗೀಟಿನ ಪಕ್ಕದಲ್ಲಿ "ಇರಲಿ" ಎಂದು ಬರೆದರು.

ಆ ಪುಟದ ಒಂದು ಪ್ರತಿ ಹಿಡಿದು ಮನೆಗೆ ಬಂದವಳು ಹೆಗಲ ಚೀಲವನ್ನೂ ಇಳಿಸದೆ ಅತ್ತೆಯ ಮುಂದೆ ನಿಂತು ಗಟ್ಟಿಯಾಗಿ ಓದಿದಳು. "ಗರ್ಭದ ನಾಲ್ಕನೇ ವಾರದೊಳಗೆ ಮುಚ್ಚಿಕೊಳ್ಳಬೇಕಾದ ಬೆನ್ನು ಮುಚ್ಚಿಕೊಳ್ಳದೆ ಉಳಿಯುವುದು; ಬಸಿರೆಂದು ತಾಯಿಗೆ ತಿಳಿಯುವ ಮೊದಲೇ ಇದು ಆಗಿಹೋಗಿರುತ್ತದೆ. ಕೇಳಿಸ್ತಾ ಅತ್ತೆ? ನಾನು ಸ್ಟೂಲ್ ಹತ್ತಿದ್ದು ಐದನೇ ತಿಂಗಳು!"

ಅತ್ತೆ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು.

"ಇನ್ನೊಂದ್ಸಲ ಓದು."

ಹಲ್ಲು ಕಚ್ಚಿಕೊಂಡು ಓದಿದಳು.

"ನಿನ್ನ ಗಂಡನಿಗಿಂತ ಮುಂಚೆ ನನಗೊಂದು ಹೆಣ್ಣು ಹುಟ್ಟಿತ್ತು," ಎಂದರು ಅತ್ತೆ. "ಬೆನ್ನು ಹೀಗೇ ಇತ್ತು. ಹನ್ನೊಂದು ದಿನ ಇತ್ತು, ಅಷ್ಟೆ. ನಾನು ಭಾರ ಎತ್ತಿದ್ದಕ್ಕೇ ಹೀಗಾಯ್ತು ಅಂದ್ರು ಎಲ್ಲಾರೂ. ನಾನೂ ಹಾಗೇ ಅಂದ್ಕೊಂಡಿದ್ದೆ."

ಒಂಬತ್ತು ವರ್ಷದಲ್ಲಿ ಒಂದು ಸಲ ಇದನ್ನು ಹೇಳಬಾರದಿತ್ತೇ ಎಂದು ಕಿರುಚಬೇಕೆನ್ನಿಸಿತು ಅವಳಿಗೆ. ಅಷ್ಟರಲ್ಲಿ ಅತ್ತೆ ಹಾಳೆಯನ್ನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದತೊಡಗಿದರು. "ತಾಯಿಗೆ" ಎಂಬಲ್ಲಿಗೆ ಬಂದು ಬೆರಳು ನಿಂತಿತು.