ನೆಲವಿಲ್ಲದ ಊರಿನ ಅಡಿಗಲ್ಲು

ನಾನು ಒಂದು ಅಡಿಗಲ್ಲು. ಇಳಕಲ್ಲಿನ ಕೆಂಪು ಕಲ್ಲಿನ ಗಣಿಯಲ್ಲಿ ಹುಟ್ಟಿದವನು. ನನ್ನನ್ನು ಕಡಿದು, ನುಣ್ಣಗೆ ಉಜ್ಜಿ, ಮೈತುಂಬ ಒಂದೇ ಹೆಸರು ಕೊರೆದರು: ಅಧ್ಯಕ್ಷ ಈರಸಂಗಪ್ಪ ಗಡಾದ. ಊರಿನ ಹೆಸರು ಮೂಲೆಯಲ್ಲೆಲ್ಲೋ, ಇರುವೆ ಸಾಲಿನ ಹಾಗೆ.

ಊರು ಎಲ್ಲಿ ಅಂತೀರಿ? ಶನಿ ಗ್ರಹದ ಮೋಡಗಳಲ್ಲಿ! ಅಲ್ಲಿ ನೆಲವೇ ಇಲ್ಲ. ಎಷ್ಟು ಇಳಿದರೂ ಗಾಳಿ, ಅದರ ಕೆಳಗೆ ಇನ್ನೂ ಬಿಸಿ ಗಾಳಿ. ಅಂಥ ಊರಿಗೆ ಅಡಿಗಲ್ಲು! ಈ ಜನರ ಬುದ್ಧಿಗೆ ಏನೆನ್ನಲಿ? ಪೂಜೆಗೆಂದು ಗುದ್ದಲಿಯನ್ನೂ ಹೊತ್ತು ತಂದಿದ್ದರು. ಎಲ್ಲಿ ಅಗೆಯುವುದೆಂದು ಹೊಳೆಯದೆ, ಅದನ್ನು ಹಿಡಿದು ಫೋಟೊ ತೆಗೆಸಿಕೊಂಡರು. ನನ್ನನ್ನು ಕಚೇರಿಯ ನಡುವೆ ಬೋಲ್ಟು ಹಾಕಿ ಕೂರಿಸಿದರು.

ಊರು ಬಲೂನಿನ ಕೆಳಗೆ ತೂಗುತ್ತಿತ್ತು. ಶನಿಯ ಗಾಳಿ ಬಹುಪಾಲು ಜಲಜನಕ. ಅದಕ್ಕಿಂತ ಹಗುರವಾದ ಅನಿಲ ತುಂಬೋಣವೆಂದರೆ ಅಂಥದ್ದು ಇಲ್ಲವೇ ಇಲ್ಲ. ಅದೇ ಗಾಳಿಯನ್ನು ಬಲೂನಿಗೆ ತುಂಬಿ ಹಗಲಿರುಳು ಕಾಯಿಸುತ್ತಿರಬೇಕು. ಒಲೆ ಆರಿದರೆ ಊರು ಮುಳುಗಿದಂತೆಯೇ. ಈ ಬಾಳ್ವೆಗೆ ‘ಆಕಾಶ ಗೆದ್ದೆವು’ ಎಂದು ಭಾಷಣ ಬೇರೆ. ನನ್ನಿಂದ ಉಪಯೋಗ ಕಂಡವಳು ಅಡುಗೆಯ ನೀಲವ್ವ ಒಬ್ಬಳೇ. ಅಧ್ಯಕ್ಷರಿಲ್ಲದಾಗ ತನ್ನ ಕೂಸಿನ ಬಟ್ಟೆಗಳನ್ನು ನನ್ನ ಮೇಲೆ ಒಣಹಾಕುತ್ತಿದ್ದಳು.

ಒಂದು ದಿನ ಎರಡು ಒಲೆಗಳಲ್ಲಿ ಒಂದು ಕೆಟ್ಟಿತು. ಊರು ಇಳಿಯತೊಡಗಿತು. ಭಾರ ಇಳಿಸದಿದ್ದರೆ ಕೆಳಗಿನ ಬಿಸಿಯಲ್ಲಿ ಎಲ್ಲರೂ ಬೇಯುವುದು ಖಂಡಿತ. ಅಧ್ಯಕ್ಷರ ಅಪ್ಪಣೆಯಾಯಿತು. ಮಂಚ, ಗ್ರೈಂಡರ್, ಹಾರ್ಮೋನಿಯಂ ಎಲ್ಲ ಹೊರಬಿದ್ದವು. ಸಾಲಲಿಲ್ಲ. ಕೊನೆಗೆ ನೀಲವ್ವನ ಕೂಸಿನ ಕಬ್ಬಿಣದ ತೊಟ್ಟಿಲನ್ನೂ ಒಗೆಯಿರೆಂದರು. ಹೇಳಿದ್ದು ನನ್ನ ಮೇಲೆ ಕೂತುಕೊಂಡು! ನಾಚಿಕೆಗೆಟ್ಟ ಮನುಷ್ಯ.

ನೀಲವ್ವ ಕೂಸನ್ನೆತ್ತಿಕೊಂಡು ತೊಟ್ಟಿಲನ್ನು ತಾನೇ ಹೊರಬಾಗಿಲಿಗೆ ತಳ್ಳಿ ಕೊಟ್ಟಳು. ಆಮೇಲೆ ಸ್ಪ್ಯಾನರ್ ಹಿಡಿದು ಬಂದು ಅಧ್ಯಕ್ಷರೆದುರು ನಿಂತಳು.

“ಏಳ್ರಿ. ಕಲ್ಲು ಬಿಚ್ಚಬೇಕು.”

“ಅದರಾಗ ನನ್ನ ಹೆಸರೈತಿ, ನೀಲವ್ವ.”

“ಊರ ಮುಳುಗಿದ ಮ್ಯಾಲೆ ಅದನ್ನ ಓದೋರು ಯಾರ್ರಿ?”

ಅಧ್ಯಕ್ಷರು ಎದ್ದರು. ಉಳಿದವರು ನನ್ನನ್ನು ಎಳೆದೊಯ್ಯುವಾಗ ನಾನಿದ್ದ ಜಾಗದಲ್ಲಿ ನೀಲವ್ವ ಕೂಸಿಗೆ ಕೌದಿ ಹಾಸುತ್ತಿದ್ದಳು.

ಬೀಳುತ್ತಾ ಮೇಲೆ ನೋಡಿದೆ. ಊರು ಇಳಿಯುವುದು ನಿಂತಿತ್ತು. ಮೆಲ್ಲಗೆ ಮೇಲೇರುತ್ತಿತ್ತು.

ಇನ್ನೂ ಬೀಳುತ್ತಲೇ ಇದ್ದೇನೆ. ಸುತ್ತ ಕತ್ತಲೆ, ಬಿಸಿ. ಮೈ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ಮೊದಲು ಹೋದದ್ದು ಅಧ್ಯಕ್ಷರ ಹೆಸರು, ಅದೊಂದು ಸಂತೋಷ. ಊರನ್ನು ಹೊರಲೆಂದು ಹುಟ್ಟಿಸಿದ ಕಲ್ಲು ನಾನು. ಆ ಪೆದ್ದರ ಊರು ಉಳಿದದ್ದು ನನ್ನನ್ನು ಎಸೆದ ಮೇಲೆ. ಇರಲಿ. ನಾನಿದ್ದ ಜಾಗದಲ್ಲಿ ಈಗ ಒಂದು ಕೂಸು ಮಲಗಿರುತ್ತದೆ.