ಹಂದಿಯ ಕೆಳಗೆ ಯಾರ ಹೆಸರು

ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಲ್ಲಿ ಇದ್ದದ್ದು ಒಂದೇ ಟೇಬಲ್ ಫ್ಯಾನು. ಅದು ಸದಾ ಪ್ರಧಾನ ಸಂಪಾದಕರ ಬೋಳುತಲೆಗೇ ಗಾಳಿ ಬೀಸುತ್ತಿತ್ತು. ಕಿರಿಯ ಸಂಪಾದಕಿಗೆ ಅವರು ಸೋದರಮಾವ ಬೇರೆ. ಹೀಗಾಗಿ ಅವಳ ಊಟದ ಡಬ್ಬಿಯನ್ನೂ ಹಕ್ಕಿನಿಂದಲೇ ಖಾಲಿ ಮಾಡುತ್ತಿದ್ದರು.

ಅಲ್ಲೊಂದು ಪದ್ಧತಿಯಿತ್ತು. ಪದಕ್ಕೆ ಕೊಡುವ ಉದಾಹರಣೆ ಕಣ್ಣಾರೆ ಕಂಡದ್ದಾಗಿರಬೇಕು, ಬರೆದವರ ಹೆಸರು ಅದರ ಕೆಳಗೇ ಅಚ್ಚಾಗಬೇಕು. ಸೋದರಸೊಸೆಗೆ ಆ ಭಾಗ್ಯ ಇನ್ನೂ ಸಿಕ್ಕಿರಲಿಲ್ಲ. ಒಂದೇ ಒಂದು ಸಲ ನಿಘಂಟಿನಲ್ಲಿ ತನ್ನ ಹೆಸರು ಕಾಣಬೇಕೆಂದು ಅವಳಿಗೆ ವಿಪರೀತ ಆಸೆ.

ಅವತ್ತು ಅವಳ ಪಾಲಿಗೆ ಬಂದದ್ದು ‘ಹಾಗ್’ ಎಂಬ ಇಂಗ್ಲಿಷ್ ಪದ.

“ಮೂಲದಲ್ಲಿ ಹಂದಿ, ಮಾವ. ಅದರಲ್ಲೂ ಕೊಯ್ಯೋಕೆ ಅಂತ ಸಾಕಿದ್ದು. ತೊಟ್ಟಿಗೆ ಮೂತಿ ಹಾಕಿ ಇನ್ನೊಂದನ್ನ ಹತ್ತಿರ ಬಿಡದ ಅದರ ಬುದ್ಧಿ ನೋಡಿ, ಎಲ್ಲಾ ತಾನೇ ಬಾಚ್ಕೊಳ್ಳೋ ಮನುಷ್ಯರಿಗೂ ಅದೇ ಹೆಸರಿಟ್ರು.”

“ಪಾಪ, ಹಂದಿ!” ಎನ್ನುತ್ತ ಮಾವ ಅವಳ ಬಿಸ್ಕತ್ತಿನ ಡಬ್ಬಿಯನ್ನು ಹತ್ತಿರಕ್ಕೆಳೆದುಕೊಂಡರು. “ಉದಾಹರಣೆ ಎಲ್ಲಿ?”

ಉದಾಹರಣೆ ಎದುರಿಗೇ ಕೂತು ಅಗಿಯುತ್ತಿತ್ತು. ಬರೆದರೆ ಕೆಲಸಕ್ಕೆ ಸಂಚಕಾರ, ಬರೆಯದಿದ್ದರೆ ಹೆಸರಿಗೆ. ಮೂಲೆಯಲ್ಲಿ ಪ್ರೂಫ್ ನೋಡುತ್ತಿದ್ದ ಮುದುಕರು ಆಗಲೇ ತಲೆ ತಗ್ಗಿಸಿ ನಗು ಅದುಮಿಕೊಂಡಿದ್ದರು. ಅವಳು ಧೈರ್ಯ ಮಾಡಿ ಬರೆದು, ಓದಿಯೇಬಿಟ್ಟಳು: “‘ಇದ್ದೊಂದು ಫ್ಯಾನನ್ನು ತನ್ನ ಕಡೆಗೇ ತಿರುಗಿಸಿಕೊಂಡವನು ಇನ್ನೊಬ್ಬರ ಬಿಸ್ಕತ್ತನ್ನೂ ತಾನೇ ತಿಂದ.’”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರಂತೆ. ಮಾವನ ಕೈ ಮಾತ್ರ ಡಬ್ಬಿ ಬಿಟ್ಟು ಅಲ್ಲಾಡಲಿಲ್ಲ.

“ಭೇಷ್! ನನ್ನ ಷಡ್ಡಕ ಥೇಟ್ ಹೀಗೇ! ಇದು ನಾನೇ ಬರೀಬೇಕಾಗಿದ್ದ ವಾಕ್ಯ ಕಣೇ. ಕೆಳಗೆ ನನ್ನ ಹೆಸರು ಹಾಕ್ಬಿಡು.”

ಅವಳಿಗೆ ಅಳುವೇ ಬಂತು. ಇಷ್ಟು ವರ್ಷಕ್ಕೆ ಹುಟ್ಟಿದ ಒಂದು ವಾಕ್ಯ, ಅದನ್ನೂ ಬಿಡಲಿಲ್ಲವಲ್ಲ ಪುಣ್ಯಾತ್ಮ!

“ಮಾವ, ಇದೊಂದನ್ನಾದ್ರೂ ನನಗೆ...” ಎನ್ನುವಷ್ಟರಲ್ಲಿ ಅವಳ ಕಣ್ಣು ಹಾಳೆಯ ಮೇಲೆ ಬಿತ್ತು. ಮೇಲೆ ಪದ, ಅದರ ಕೆಳಗೆ ಹಂದಿಯ ಅರ್ಥ, ಅದರ ಕೆಳಗೆ ಹೊಟ್ಟೆಬಾಕನ ಅರ್ಥ, ಕೊನೆಗೆ ಹೆಸರಿಗೆಂದು ಬಿಟ್ಟ ಖಾಲಿ ಜಾಗ. ಅಲ್ಲಿ ತನ್ನ ಹೆಸರನ್ನು ಮನಸ್ಸಿನಲ್ಲೇ ಇಟ್ಟು ನೋಡಿ ಅವಳು ಬೆಚ್ಚಿದಳು.

“ಪೂರ್ತಿ ಹೆಸರು ಹಾಕ್ಲಾ, ಮಾವ?” ಎಂದಳು ತೀರಾ ವಿನಯದಿಂದ.

“ಪೂರ್ತಿ ಹಾಕು. ದಪ್ಪಕ್ಷರದಲ್ಲಿ. ಪಕ್ಕದಲ್ಲಿ ಬೇರೆ ಯಾರಿಗೂ ಜಾಗ ಕೊಡ್ಬೇಡ.”